ಇಳಿದ ಫೈಲ್ ಎಲ್ಲಿ ಹೋಯಿತು? ಮನೆಯ ನಾಸ್ ಪೆಟ್ಟಿಗೆಯಲ್ಲಿ ಡೌನ್‌ಲೋಡ್ ದೋಷ ಹುಡುಕುವ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮೇಷ್ಟ್ರ ಮನೆ. ನಿವೃತ್ತಿಯಾದ ಮೇಲೆ ಅವರು ಹಿಡಿದಿರುವ ಕೆಲಸ ಒಂದೇ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಳ್ಳುವುದು, ಹೆಸರು ತಿದ್ದುವುದು, ಇಸವಿ ಪ್ರಕಾರ ಜೋಡಿಸುವುದು. ಲೇಖಕರು ತೀರಿಕೊಂಡು 60 ವರ್ಷ ಕಳೆದ ಪುಸ್ತಕಗಳಿಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಉಳಿಯುವುದಿಲ್ಲ. ಮೇಷ್ಟ್ರು ಆ ಲೆಕ್ಕ ಹಾಕಿಯೇ ಪಟ್ಟಿ ಮಾಡುತ್ತಾರೆ. ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಓಡಿಸಿಟ್ಟು ಮಲಗುತ್ತಿದ್ದರು. ಅದನ್ನು ನೋಡಲಾಗದೆ ನಾನೇ ಒಂದು ಪುಟ್ಟ ನಾಸ್, ಅಂದರೆ ಮನೆಯ ನೆಟ್‌ವರ್ಕ್ ಮೂಲಕ ಎಲ್ಲ ಕಂಪ್ಯೂಟರಿಗೂ ಫೈಲ್ ಕೊಡುವ ಡಿಸ್ಕ್ ಪೆಟ್ಟಿಗೆ, ಮಾಡಿಕೊಟ್ಟೆ. ಒಂದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದರೊಳಗೆ 32 ಜಿಬಿ ಎಸ್‌ಡಿ ಕಾರ್ಡ್, ಯುಎಸ್‌ಬಿಗೆ ಸಿಕ್ಕಿಸಿದ 2 ಟಿಬಿ ಡಿಸ್ಕ್. ಡೌನ್‌ಲೋಡ್ ಮಾಡಲು ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ಪ್ರೋಗ್ರಾಮ್ (ಟೊರೆಂಟ್ ಅಂದರೆ ಫೈಲನ್ನು ತುಣುಕು ತುಣುಕಾಗಿ ಹಲವರಿಂದ ತರುವ ಬಗೆ), ಮನೆಯ ಕಂಪ್ಯೂಟರಿಗೆ ಫೈಲ್ ತೋರಿಸಲು ಸಾಂಬಾ ಎಂಬ ಇನ್ನೊಂದು ಪ್ರೋಗ್ರಾಮ್. ಇಷ್ಟೇ.

ಎರಡು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ಬೆಳಿಗ್ಗೆ ಮೇಷ್ಟ್ರ ಫೋನ್.

"ಏನಪ್ಪಾ, ಹಳೇ ಪುಸ್ತಕ ಎಲ್ಲಾ ಮಾಯ ಆಗಿತ್ತು. ಆಫ್ ಮಾಡಿ ಆನ್ ಮಾಡಿದೆ, ಅವೆಲ್ಲಾ ಬಂದ್ವು. ಈಗ ಹೊಸವು ಮಾಯ. ನಾಲ್ಕು ದಿನ ಇಳಿಸಿದ್ದು ಒಂದೂ ಇಲ್ಲ."

"ಏನೂ ಮುಟ್ಬೇಡಿ ಮೇಷ್ಟ್ರೇ, ಯಾವ್ದನ್ನೂ ಡಿಲೀಟ್ ಮಾಡ್ಬೇಡಿ, ಸಂಜೆ ಬರ್ತೀನಿ" ಅಂದೆ.

ಅವರು ಅಷ್ಟು ಸರಿಯಾಗಿ ಹೇಳಿದ್ದರಿಂದಲೇ ದೋಷ ಬೇಗ ಸಿಕ್ಕಿತು. ಹಳೆಯವು ಹೋಗಿ ಹೊಸವು ಇದ್ದವು, ಆಮೇಲೆ ಹಳೆಯವು ಬಂದು ಹೊಸವು ಹೋದವು. ಈ ಅದಲುಬದಲೇ ಇಡೀ ಕತೆಯ ಬೀಗದ ಕೈ. ನಿಮ್ಮ ಮನೆಯ ಪೆಟ್ಟಿಗೆ ಕೈಕೊಟ್ಟಾಗಲೂ ಮೊದಲು ಮಾಡಬೇಕಾದ ಕೆಲಸ ಇದು: ಏನು ಕಂಡಿತು, ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೆಟ್ಟಿಂಗ್ ತಿರುಗಿಸುವುದು ಅದಾದ ಮೇಲೆ.

ತೂಬಿನಿಂದ ಗದ್ದೆಯವರೆಗೆ

ನಮ್ಮೂರು ಮದ್ದೂರಿನ ಕಡೆ. ವಿ.ಸಿ. ನಾಲೆಯ ಕೊನೆ ಭಾಗ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅಂತ ಸುದ್ದಿ ಬರುತ್ತದೆ, ಗದ್ದೆಗೆ ಮಾತ್ರ ಹನಿ ಬಂದಿರುವುದಿಲ್ಲ. ಆಗ ನೀರಗಂಟಿ ಗದ್ದೆಯಲ್ಲಿ ನಿಂತು ಅಗೆಯುವುದಿಲ್ಲ. ತೂಬಿನಿಂದ ಹೊರಟು ಕಾಲುವೆ ಉದ್ದಕ್ಕೂ ನಡೆಯುತ್ತಾನೆ. ಇಲ್ಲಿ ನೀರಿದೆ, ಮುಂದಿನ ಕವಲಲ್ಲೂ ಇದೆ, ಆಚೆ ಬದುವಿನ ಹತ್ತಿರ ಇಲ್ಲ. ಹಾಗಾದರೆ ದೋಷ ಈ ಎರಡರ ನಡುವೆ. ಗುದ್ದಲಿ ಅಲ್ಲಿ ಬೀಳುತ್ತದೆ.

ಡೌನ್‌ಲೋಡ್‌ಗೂ ಇಂಥದೇ ಒಂದು ಕಾಲುವೆ ಇದೆ. ನೀವು ಬ್ರೌಸರ್‌ನಲ್ಲಿ ಪೆಟ್ಟಿಗೆಯ ಪುಟ ತೆರೆದು ಲಿಂಕ್ ಕೊಡುತ್ತೀರಿ. ಪೆಟ್ಟಿಗೆ ಆ ಹೆಸರನ್ನು ಡಿಎನ್‌ಎಸ್ ಹತ್ತಿರ ಕೇಳಿ ವಿಳಾಸ ಪಡೆಯುತ್ತದೆ. ಆಚೆ ಕಡೆಗೆ ಸಂಪರ್ಕ ಮಾಡುತ್ತದೆ. ಬಂದ ತುಣುಕುಗಳನ್ನು ಡಿಸ್ಕಿಗೆ ಬರೆಯುತ್ತದೆ. ಬರೆದ ಫೈಲನ್ನು ಸಾಂಬಾ ನಿಮ್ಮ ಕಂಪ್ಯೂಟರಿಗೆ ತೋರಿಸುತ್ತದೆ. ಇದರಲ್ಲಿ ಎಲ್ಲಿಯವರೆಗೆ ನೀರು ಬಂದಿದೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ರೂಟರ್‌ನ ಪೋರ್ಟ್ (ಸಂಪರ್ಕ ಬಂದುಹೋಗುವ, ಸಂಖ್ಯೆ ಇರುವ ಬಾಗಿಲು) ತೆರೆಯುವುದು, ಇಡೀ ಕಾರ್ಡ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದು, ಇವೆಲ್ಲ ಉತ್ತರ ಸಿಗುವ ಮುಂಚೆ ಮಾಡಬಾರದ ಕೆಲಸಗಳು. ಮೇಷ್ಟ್ರ ಪೆಟ್ಟಿಗೆಯಲ್ಲಿ ನಾನು ಕಾರ್ಡ್ ಅಳಿಸಿದ್ದರೆ ನಾಲ್ಕು ದಿನದ ಪುಸ್ತಕಗಳು ನಿಜವಾಗಿಯೂ ಹೋಗುತ್ತಿದ್ದವು.

ಮೇಷ್ಟ್ರ ಮನೆಯಲ್ಲಿ ಕಂಡದ್ದು

ಸಂಜೆ ಹೋದೆ. ಅಮ್ಮ ಕಾಫಿ ಕೊಟ್ಟರು. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಟ್ರಾನ್ಸ್‌ಮಿಷನ್ ಪುಟ ತೆರೆಯಿತು, ಅಂದರೆ ತೂಬಿನ ಹತ್ತಿರ ತೊಂದರೆ ಇಲ್ಲ. ಹಳೆಯ ಹೆಸರುಗಳ ಮುಂದೆ ಏನೂ ದೂರಿಲ್ಲ. ಹೊಸ ಹೆಸರುಗಳ ಕೆಳಗೆಲ್ಲಾ ಕೆಂಪಕ್ಷರದಲ್ಲಿ ಒಂದೇ ಮಾತು: 'ನೋ ಡೇಟಾ ಫೌಂಡ್, ಎನ್ಶೂರ್ ಯುವರ್ ಡ್ರೈವ್ಸ್ ಆರ್ ಕನೆಕ್ಟೆಡ್'. ಅಂದರೆ ಟ್ರಾನ್ಸ್‌ಮಿಷನ್ ಹೇಳುತ್ತಿರುವುದು ಇದು: ನಾನು ಇಳಿಸಿದ್ದು ನಿಜ, ಇಟ್ಟ ಜಾಗದಲ್ಲಿ ಈಗ ಕಾಣುತ್ತಿಲ್ಲ, ಡಿಸ್ಕ್ ಸಿಕ್ಕಿಸಿದ್ದೀರಾ ನೋಡಿ. ಡಿಸ್ಕ್ ಸಿಕ್ಕಿಸಿಯೇ ಇತ್ತು.

"ನಾಲ್ಕನೇ ದಿನ ಬೇರೆ ಏನೋ ಬಂತಪ್ಪಾ, ಜಾಗ ಇಲ್ಲ ಅಂತ. ಎರಡು ಟಿಬಿ ಅಷ್ಟು ಬೇಗ ತುಂಬತ್ತಾ?" ಅಂದರು ಮೇಷ್ಟ್ರು.

ತುಂಬುವುದಿಲ್ಲ. ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ತೆರೆದು ಜಾಗದ ಲೆಕ್ಕ ನೋಡಿದೆ. ಇದಕ್ಕೆ ಡಿಎಫ್ ಎಂಬ ಆದೇಶ. ಡಿಎಫ್, ಒಂದು ಸ್ಪೇಸ್, ಹೈಫನ್, ಎಚ್ ಎಂದು ಟೈಪ್ ಮಾಡಿದರೆ ಜಿಬಿ, ಟಿಬಿಗಳಲ್ಲಿ ತೋರಿಸುತ್ತದೆ. ಎರಡು ಸಾಲು ಮುಖ್ಯ. ಒಂದು, ದೊಡ್ಡ ಡಿಸ್ಕಿನದು: 1.8 ಟಿಬಿಯಲ್ಲಿ ಬಹುಪಾಲು ಖಾಲಿ. ಇನ್ನೊಂದು, ಎಸ್‌ಡಿ ಕಾರ್ಡಿನದು: 29 ಜಿಬಿಯಲ್ಲಿ 100 ಪರ್ಸೆಂಟ್ ಭರ್ತಿ. (2 ಟಿಬಿ ಡಿಸ್ಕ್ 1.8 ಎಂದು ಕಂಡರೆ ಯಾರೂ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.)

ಆಪರೇಟಿಂಗ್ ಸಿಸ್ಟಮ್ ಮಾತ್ರ ಇರಬೇಕಾದ ಕಾರ್ಡ್ ತುಂಬಿದ್ದು ಹೇಗೆ? ಕಾರ್ಡಿನಲ್ಲಿ ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಡಿಯು ಆದೇಶದಿಂದ ಕೂಡಿಸಿ ನೋಡಿದೆ. ಒಟ್ಟು 5 ಜಿಬಿ ಆಸುಪಾಸು. ಡಿಎಫ್ 29 ಅನ್ನುತ್ತದೆ, ಡಿಯು 5 ಅನ್ನುತ್ತದೆ. ಉಳಿದ 24 ಜಿಬಿ ಲೆಕ್ಕಕ್ಕೆ ಸಿಗುತ್ತಿಲ್ಲ. ಈ ಎರಡು ಲೆಕ್ಕ ತಾಳೆಯಾಗದಿದ್ದಾಗ ಸಾಮಾನ್ಯವಾಗಿ ಎರಡು ಕಾರಣ. ಡಿಲೀಟ್ ಮಾಡಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ಹಿಡಿದುಕೊಂಡಿರಬಹುದು. ಇಲ್ಲವೇ ಫೈಲುಗಳು ಇನ್ನೊಂದು ಡಿಸ್ಕಿನ ಅಡಿಯಲ್ಲಿ ಮುಚ್ಚಿಹೋಗಿರಬಹುದು. ಪೆಟ್ಟಿಗೆಯನ್ನು ಆಗಲೇ ಆಫ್ ಮಾಡಿ ಆನ್ ಮಾಡಿದ್ದರಿಂದ ಮೊದಲನೆಯದು ಸಾಧ್ಯವಿಲ್ಲ. ಉಳಿದದ್ದು ಎರಡನೆಯದು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ತುಂಬಾ ಜನ ಎಡವುವ ಜಾಗ ಇದೇ. ಪೈ ಮೇಲೆ ಓಡುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಅದರಲ್ಲಿ ಡಿಸ್ಕಿಗೆ ವಿಂಡೋಸ್‌ನ ಹಾಗೆ ಡಿ, ಇ ಎಂದು ಬೇರೆ ಅಕ್ಷರ ಇರುವುದಿಲ್ಲ. ಒಂದು ಖಾಲಿ ಫೋಲ್ಡರ್ ಮಾಡುತ್ತೇವೆ, ಅದರ ಮೇಲೆ ಡಿಸ್ಕನ್ನು ಕೂರಿಸುತ್ತೇವೆ. ಅದಕ್ಕೇ ಮೌಂಟ್ ಮಾಡುವುದು ಅನ್ನುವುದು. ನಾನು ಮಾಡಿದ ಫೋಲ್ಡರಿನ ಹೆಸರು 'ಪುಸ್ತಕ'. ನೆಲದ ಮೇಲೆ ಚಾಪೆ ಹಾಸಿದ ಹಾಗೆ. ಚಾಪೆ ಇದ್ದಾಗ ಇಟ್ಟದ್ದೆಲ್ಲ ಚಾಪೆಯ ಮೇಲೆ. ಒಂದು ದಿನ ಚಾಪೆ ಹಾಸಿಯೇ ಇಲ್ಲ ಅಂದುಕೊಳ್ಳಿ. ಇಡುವವನಿಗೆ ಅದು ಗೊತ್ತಾಗುವುದಿಲ್ಲ, ನೆಲದ ಮೇಲೇ ಇಡುತ್ತಾ ಹೋಗುತ್ತಾನೆ. ಮರುದಿನ ಚಾಪೆ ಹಾಸಿದರೆ ನೆಲದ ಮೇಲಿನದು ಅಡಿಗೆ ಸೇರುತ್ತದೆ. ಅಲ್ಲೇ ಇದೆ, ಜಾಗವನ್ನೂ ಹಿಡಿದಿದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಆಗಿದ್ದು ಹೀಗೆ. ಐದು ದಿನದ ಹಿಂದೆ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದಿತ್ತು. ಪೆಟ್ಟಿಗೆ ತಾನೇ ಆನ್ ಆಯಿತು, ಡಿಸ್ಕ್ ಏಳಲಿಲ್ಲ. 'ಪುಸ್ತಕ' ಫೋಲ್ಡರ್ ಖಾಲಿ ಇತ್ತು, ಹಾಗಾಗಿ ಹಳೆಯ ಪುಸ್ತಕಗಳು ಕಾಣಲಿಲ್ಲ. ಹೊಸ ಪುಸ್ತಕಗಳು ಅದೇ ಹೆಸರಿನ ಫೋಲ್ಡರಿಗೆ, ಅಂದರೆ ಎಸ್‌ಡಿ ಕಾರ್ಡಿಗೆ ಇಳಿದವು. ಕಾರ್ಡ್ ತುಂಬಿದಾಗ ಜಾಗ ಇಲ್ಲ ಎಂಬ ಮಾತು ಬಂತು. ಮೇಷ್ಟ್ರು ಆಫ್ ಮಾಡಿ ಆನ್ ಮಾಡಿದರು. ಈ ಸಲ ಡಿಸ್ಕ್ ಎದ್ದಿತು, ಹೋಗಿ ಆ ಫೋಲ್ಡರಿನ ಮೇಲೆ ಕೂತಿತು.

ಅಡಿಯಲ್ಲಿ ಉಳಿದದ್ದನ್ನು ತೆಗೆದದ್ದು

ಮೊದಲು ಟ್ರಾನ್ಸ್‌ಮಿಷನ್ ನಿಲ್ಲಿಸಿದೆ, ಸಾಂಬಾ ಕೂಡ ನಿಲ್ಲಿಸಿದೆ. ಯಾರಾದರೂ ಫೋಲ್ಡರ್ ಬಳಸುತ್ತಿದ್ದರೆ ಡಿಸ್ಕ್ ಬಿಡಿಸಲು ಆಗುವುದಿಲ್ಲ, 'ಟಾರ್ಗೆಟ್ ಈಸ್ ಬ್ಯುಸಿ' ಎನ್ನುತ್ತದೆ. ಆಮೇಲೆ ಡಿಸ್ಕನ್ನು ಅನ್‌ಮೌಂಟ್ ಮಾಡಿದೆ. ಆ ಆದೇಶ ಬರೆಯುವಾಗ ಇಂಗ್ಲಿಷಿನ ಅನ್‌ಮೌಂಟ್‌ನಲ್ಲಿರುವ ಮೊದಲ ಎನ್ ಅಕ್ಷರ ಬಿಡಬೇಕು, ಯುಮೌಂಟ್ ಅಂತಲೇ ಇದೆ. 'ಪುಸ್ತಕ' ಫೋಲ್ಡರ್ ತೆರೆದೆ. ನಾಲ್ಕು ದಿನದ ಪುಸ್ತಕಗಳು ಒಂದೊಂದಾಗಿ ಸಾಲಾಗಿ ಕಂಡವು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, ಬೆರಳಿಟ್ಟು, ಹೆಸರು ಓದುತ್ತಾ ಹೋದರು.

ಡಿಸ್ಕನ್ನು ಬೇರೆ ಹೆಸರಿನ ಫೋಲ್ಡರಿಗೆ ಮೌಂಟ್ ಮಾಡಿ, ಆರ್‌ಸಿಂಕ್ ಎಂಬ ಕಾಪಿ ಆದೇಶದಿಂದ ಕಾಪಿ ಮಾಡಿದೆ. ನೇರವಾಗಿ ಮೂವ್ ಮಾಡಬೇಡಿ. ಮಧ್ಯೆ ಕರೆಂಟ್ ಹೋದರೆ ಯಾವುದು ಅಲ್ಲಿಗೆ ಸೇರಿತು, ಯಾವುದು ಇಲ್ಲೇ ಉಳಿಯಿತು ಎಂದು ಗೊಂದಲ. ಕಾಪಿ ಮುಗಿದ ಮೇಲೂ ಹಳೆಯದನ್ನು ತಕ್ಷಣ ಅಳಿಸಲಿಲ್ಲ. ಡಿಸ್ಕನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಟ್ರಾನ್ಸ್‌ಮಿಷನ್ ಶುರು ಮಾಡಿ, ಹೊಸ ಪುಸ್ತಕಗಳನ್ನೆಲ್ಲ ಆರಿಸಿ 'ವೆರಿಫೈ ಲೋಕಲ್ ಡೇಟಾ' ಒತ್ತಿದೆ. ಟೊರೆಂಟ್‌ನಲ್ಲಿ ಪ್ರತಿ ತುಣುಕಿಗೂ ಒಂದು ಗುರುತಿನ ಮೊತ್ತ ಮೊದಲೇ ಬರೆದಿರುತ್ತದೆ. ಡಿಸ್ಕಿನಲ್ಲಿರುವುದನ್ನು ಅದು ಮತ್ತೆ ಲೆಕ್ಕ ಹಾಕಿ ಹೋಲಿಸುತ್ತದೆ. ಕೆಂಪಕ್ಷರ ಒಂದೊಂದಾಗಿ ಅಳಿಯಿತು. ಜಾಗ ಮುಗಿದ ಹೊತ್ತಿನಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಪುಸ್ತಕ ಮಾತ್ರ ಉಳಿದದ್ದನ್ನು ಇಳಿಸಿಕೊಂಡಿತು. ಅದೂ ಆದ ಮೇಲೆ ಡಿಸ್ಕನ್ನು ಮತ್ತೆ ಬಿಡಿಸಿ, ಅಡಿಯಲ್ಲಿ ಕಾರ್ಡಿನ ಮೇಲಿದ್ದ ಪ್ರತಿಗಳನ್ನು ಅಳಿಸಿದೆ.

ಡಿಸ್ಕ್ ಯಾಕೆ ಏಳಲಿಲ್ಲ?

ಇದು ಬೇರೆಯೇ ಪ್ರಶ್ನೆ, ಇದನ್ನು ಬಿಟ್ಟು ಎದ್ದು ಬಂದರೆ ಮುಂದಿನ ಮಳೆಗೆ ಮತ್ತೆ ಅದೇ ಕತೆ. ಪೈ 4 ಒಳಗೆ ಕರೆಂಟ್ ಕಡಿಮೆಯಾಗಿದೆಯಾ ಎಂದು ಅದೇ ನೆನಪಿಟ್ಟುಕೊಂಡಿರುತ್ತದೆ. ವಿಸಿಜೆನ್‌ಸಿಎಂಡಿ ಎಂಬ ಆದೇಶಕ್ಕೆ 'ಗೆಟ್ ಥ್ರಾಟಲ್ಡ್' ಎಂದು ಕೇಳಿದರೆ ಒಂದು ಸಂಖ್ಯೆ ಕೊಡುತ್ತದೆ. 0ಎಕ್ಸ್0 ಬಂದರೆ ಎಲ್ಲ ಸರಿ. 0ಎಕ್ಸ್50000 ಬಂದರೆ ಆನ್ ಆದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಇಳಿದಿದೆ. 0ಎಕ್ಸ್50005 ಬಂದರೆ ಈ ಕ್ಷಣವೂ ಕಡಿಮೆ ಇದೆ. ಮೇಷ್ಟ್ರ ಪೆಟ್ಟಿಗೆ ತೋರಿಸಿದ್ದು 0ಎಕ್ಸ್50000. ಕರ್ನಲ್ ಲಾಗ್‌ನಲ್ಲೂ (ಸಿಸ್ಟಮ್ ತಾನೇ ಬರೆದಿಡುವ ದಿನಚರಿ) 'ಅಂಡರ್ ವೋಲ್ಟೇಜ್ ಡಿಟೆಕ್ಟೆಡ್' ಎಂಬ ಸಾಲು ಇತ್ತು. 4.63 ವೋಲ್ಟ್‌ಗಿಂತ ಕೆಳಗೆ ಇಳಿದಾಗ ಆ ಸಾಲು ಬೀಳುತ್ತದೆ.

ನಾನು ಕೊಟ್ಟಿದ್ದ ಅಡಾಪ್ಟರ್ ಒಂದು ಫೋನ್ ಚಾರ್ಜರ್. ಅದು ನನ್ನ ತಪ್ಪು, ಮೇಷ್ಟ್ರಿಗೆ ಹಾಗೇ ಹೇಳಿದೆ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ಅದರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಹೊರಗೆ ಕೊಡಬಲ್ಲದ್ದು 1.2 ಆಂಪಿಯರ್. ಸಣ್ಣ ಡಿಸ್ಕ್ ಕೂಡ ತಿರುಗಲು ಶುರು ಮಾಡುವ ಆ ಎರಡು ಮೂರು ಸೆಕೆಂಡ್ ಸುಮಾರು 1 ಆಂಪಿಯರ್‌ವರೆಗೆ ಎಳೆಯಬಹುದು. ತಿರುಗುತ್ತಿರುವ ಡಿಸ್ಕಿಗೆ ಅಷ್ಟು ಬೇಡ. ಅದಕ್ಕೇ ಎರಡು ತಿಂಗಳು ತೊಂದರೆ ಕಾಣಲಿಲ್ಲ. ಕರೆಂಟ್ ಹೋಗಿ ಬಂದಾಗ ಪೈ ಮತ್ತು ಡಿಸ್ಕ್ ಎರಡೂ ಒಟ್ಟಿಗೆ ಏಳಬೇಕು, ಆಗ ಚಾರ್ಜರ್ ಸೋತಿತು. ಏಳುವ ಹೊತ್ತಿಗೆ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದು ನಿಂತರೆ, ಮತ್ತೆ ಬಂದರೆ, ಕಿವಿಗೊಟ್ಟು ಕೇಳಿ. ಡಿಸ್ಕ್ ಹಾಳಾಗಿದೆ ಎಂದುಕೊಳ್ಳುವ ಮುಂಚೆ ಅಡಾಪ್ಟರ್ ಬದಲಾಯಿಸಿ ನೋಡಿ. ಸರಿಯಾದ ಅಡಾಪ್ಟರ್ ಹಾಕಿದೆ, ಡಿಸ್ಕನ್ನು ತನ್ನದೇ ಕರೆಂಟ್ ಇರುವ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದೆ, ಎರಡರ ಪ್ಲಗ್ಗನ್ನೂ ಮನೆಯ ಇನ್ವರ್ಟರ್ ಲೈನಿಗೆ ಹಾಕಿದೆ.

ಪುಟವೇ ತೆರೆಯದಿದ್ದರೆ

ನಿಮ್ಮ ದೋಷ ಮೇಷ್ಟ್ರದ್ದೇ ಆಗಿರಬೇಕಿಲ್ಲ. ಕಾಲುವೆಯ ಬೇರೆ ಜಾಗಗಳನ್ನೂ ನೋಡೋಣ.

ಟ್ರಾನ್ಸ್‌ಮಿಷನ್ ಪುಟ ಪೆಟ್ಟಿಗೆಯ ವಿಳಾಸದ ಮುಂದೆ 9091 ಪೋರ್ಟ್‌ನಲ್ಲಿ ತೆರೆಯುತ್ತದೆ. ನಿನ್ನೆ ತೆರೆದದ್ದು ಇವತ್ತು ತೆರೆಯದಿದ್ದರೆ, ರೂಟರ್ ಪೆಟ್ಟಿಗೆಗೆ ಹೊಸ ವಿಳಾಸ ಕೊಟ್ಟಿರುವ ಸಾಧ್ಯತೆಯೇ ಜಾಸ್ತಿ. ರೂಟರ್ ಪುಟದಲ್ಲಿ ಸೇರಿರುವ ಸಾಧನಗಳ ಪಟ್ಟಿ ನೋಡಿ, ಈಗಿನ ವಿಳಾಸ ಸಿಗುತ್ತದೆ. ಅಲ್ಲೇ ಅದನ್ನು ಕಾಯಂ ಮಾಡಿ. ಪುಟ ತೆರೆದು 403 ಎಂಬ ಸಂಖ್ಯೆ ಬಂದರೆ ಪೆಟ್ಟಿಗೆ ಎದ್ದಿದೆ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ ಅಷ್ಟೇ. ಟ್ರಾನ್ಸ್‌ಮಿಷನ್ ಮೊದಲಿಗೆ ತನ್ನದೇ ಯಂತ್ರದಿಂದ ಬಂದವರನ್ನು ಮಾತ್ರ ಒಪ್ಪುತ್ತದೆ. ಸೆಟ್ಟಿಂಗ್ ಫೈಲಿನ ವೈಟ್‌ಲಿಸ್ಟ್‌ನಲ್ಲಿ, ಅಂದರೆ ಒಳಗೆ ಬಿಡಬೇಕಾದವರ ಪಟ್ಟಿಯಲ್ಲಿ, ಮನೆಯ ವಿಳಾಸಗಳನ್ನು ಸೇರಿಸಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಮಿಷನ್ ಓಡುತ್ತಿರುವಾಗ ಸೆಟ್ಟಿಂಗ್ ಫೈಲ್ ತಿದ್ದಬೇಡಿ. ಅದು ನಿಲ್ಲುವಾಗ ತನ್ನ ನೆನಪಿನಲ್ಲಿರುವುದನ್ನೇ ಫೈಲಿಗೆ ಬರೆದುಬಿಡುತ್ತದೆ, ನೀವು ತಿದ್ದಿದ್ದು ಅಳಿಸಿಹೋಗುತ್ತದೆ. ಮೊದಲು ನಿಲ್ಲಿಸಿ, ತಿದ್ದಿ, ಆಮೇಲೆ ಶುರು ಮಾಡಿ. ಎಷ್ಟೋ ಜನ ಒಂದೇ ಸಾಲನ್ನು ನಾಲ್ಕು ಸಲ ತಿದ್ದಿ, ತಿದ್ದಿದ್ದು ಯಾಕೆ ಉಳಿಯುತ್ತಿಲ್ಲ ಎಂದು ಬೇಸತ್ತಿದ್ದನ್ನು ನೋಡಿದ್ದೇನೆ.

ಸಂಪರ್ಕವೇ ಆಗದಿದ್ದರೆ

ಪುಟ ತೆರೆಯುತ್ತದೆ, ಲಿಂಕ್ ಕೊಟ್ಟರೆ ಸೊನ್ನೆಯಲ್ಲೇ ನಿಲ್ಲುತ್ತದೆ. ಪೆಟ್ಟಿಗೆಯ ಟರ್ಮಿನಲ್‌ನಿಂದ 8.8.8.8 ಎಂಬ ಇಂಟರ್ನೆಟ್ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಇದ್ದೀಯಾ ಎಂದು ಕೂಗಿ ಕೇಳಿ. ಉತ್ತರ ಬಂದರೆ ಇಂಟರ್ನೆಟ್ ಇದೆ. ಈಗ ಯಾವುದಾದರೂ ಹೆಸರಿಗೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು, ಹೆಸರು ಸಿಗಲಿಲ್ಲ ಎಂದರೆ ದೋಷ ಡಿಎನ್‌ಎಸ್‌ನಲ್ಲಿ. ರೂಟರ್‌ನಲ್ಲಿ ಬೇರೆ ಡಿಎನ್‌ಎಸ್ ಕೊಟ್ಟು ನೋಡಿ, 1.1.1.1 ಅಥವಾ 9.9.9.9.

ಇವೆರಡೂ ಸರಿ ಇದ್ದು, ಸರ್ಟಿಫಿಕೇಟ್ (ವೆಬ್‌ಸೈಟಿನ ಗುರುತಿನ ಚೀಟಿ, ಅದಕ್ಕೊಂದು ಅವಧಿ ಇರುತ್ತದೆ) ವಿಷಯ ಎತ್ತಿ ದೂರಿದರೆ ಪೆಟ್ಟಿಗೆಯ ಗಡಿಯಾರ ನೋಡಿ. ಡೇಟ್ ಎಂದು ಟೈಪ್ ಮಾಡಿದರೆ ಸಾಕು. ಪೈ 4ರಲ್ಲಿ ಕರೆಂಟ್ ಇಲ್ಲದಾಗಲೂ ಓಡುವ ಗಡಿಯಾರ ಇಲ್ಲ. ಆನ್ ಆದ ಮೇಲೆ ಇಂಟರ್ನೆಟ್‌ನಿಂದ ಸಮಯ ಕೇಳಿ ತಿಳಿಯುತ್ತದೆ. ಕರೆಂಟ್ ಬಂದಾಗ ಪೈ ಅರ್ಧ ನಿಮಿಷದಲ್ಲಿ ಎದ್ದರೆ, ಫೈಬರ್ ಡಬ್ಬಿ, ರೂಟರ್ ಏಳಲು ಇನ್ನೂ ಎರಡು ಮೂರು ನಿಮಿಷ ಬೇಕು. ಆ ನಡುವಿನಲ್ಲಿ ಪೆಟ್ಟಿಗೆ ಹಳೆಯ ದಿನದಲ್ಲೇ ಇರುತ್ತದೆ. ಆಗ ಭದ್ರ ಸಂಪರ್ಕಗಳು ಸೋಲುವುದು ಸಹಜ. ಐದು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ.

ಪೋರ್ಟ್ ಮುಚ್ಚಿದೆ ಎಂದು ಟ್ರಾನ್ಸ್‌ಮಿಷನ್ ಹೇಳುವ ಮಾತಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ, ನೀವು ನೂರಾರು ಮನೆಗಳ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದೀರಿ. 2012ರಲ್ಲಿ ಆ ವಿಳಾಸಗಳ ಸಾಲನ್ನು ಇದಕ್ಕೆಂದೇ ಬೇರೆ ಮಾಡಿದ್ದಾರೆ. ಆಗ ರೂಟರ್‌ನಲ್ಲಿ ಟ್ರಾನ್ಸ್‌ಮಿಷನ್ ಬಳಸುವ ಪೋರ್ಟ್ 51413 ತೆರೆದರೂ ಹೊರಗಿನವರು ಒಳಗೆ ಬರಲಾರರು. ನೀವು ಹೊರಗೆ ಹೋಗಿ ತರುವುದಕ್ಕೆ ಅಡ್ಡಿ ಇಲ್ಲ. ಡೌನ್‌ಲೋಡ್ ನಡೆಯುತ್ತದೆ.

99 ಪರ್ಸೆಂಟ್‌ಗೆ ಬಂದು ನಿಂತರೆ

ಇಂಟರ್ನೆಟ್ ಆರ್ಕೈವ್‌ನ ಟೊರೆಂಟ್‌ಗಳಲ್ಲಿ ಇದು ಬರುತ್ತದೆ. ಹಂಚುವವರು ಯಾರೂ ಇಲ್ಲದಿದ್ದರೂ ಆರ್ಕೈವ್‌ನ ಸರ್ವರ್‌ನಿಂದಲೇ ತುಣುಕು ಬರುವಂತೆ ಅವರು ವೆಬ್ ಸೀಡ್ ಇಟ್ಟಿರುತ್ತಾರೆ, ಟ್ರಾನ್ಸ್‌ಮಿಷನ್ ಅದನ್ನು ಬಳಸುತ್ತದೆ. ಆದರೆ ಟೊರೆಂಟ್ ತಯಾರಾದ ಮೇಲೆ ಪುಸ್ತಕದ ವಿವರ ಬರೆದಿರುವ ಸಣ್ಣ ಫೈಲ್ ಅಲ್ಲಿ ಬದಲಾಗಿದ್ದರೆ, ಆ ತುಣುಕಿನ ಗುರುತು ಹೊಂದುವುದಿಲ್ಲ. ಪುಸ್ತಕ ಪೂರ್ತಿ ಬಂದಿರುತ್ತದೆ, ಆ ಒಂದು ಚೂರು ಮಾತ್ರ ಬರುವುದೇ ಇಲ್ಲ. ಫೈಲುಗಳ ಪಟ್ಟಿ ತೆರೆದು ನೋಡಿ. ನಿಮಗೆ ಬೇಕಾದ ಪಿಡಿಎಫ್ 100 ಆಗಿದ್ದು, ವಿವರದ ಫೈಲ್ ಮಾತ್ರ ನಿಂತಿದ್ದರೆ ಅದರ ಮುಂದಿನ ಟಿಕ್ ತೆಗೆದುಬಿಡಿ. ಪಿಡಿಎಫ್ಫೇ ನಿಂತಿದ್ದರೆ ಟೊರೆಂಟ್ ಬಿಟ್ಟು ನೇರ ಲಿಂಕ್‌ನಿಂದ ಇಳಿಸಿ.

ಕನ್ನಡ ಹೆಸರಿನ ಅಳತೆ

ಕನ್ನಡದವರಿಗೇ ಬರುವ ತೊಂದರೆ ಇದು. ಮೇಷ್ಟ್ರು ಫೈಲಿನ ಹೆಸರಲ್ಲೇ ಪುಸ್ತಕ, ಬರೆದವರು, ಅಚ್ಚು ಹಾಕಿಸಿದವರು, ಊರು, ಇಸವಿ ಎಲ್ಲವನ್ನೂ ಬರೆಯುತ್ತಾರೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಆ ಹೆಸರು ನಿಂತಿತು. ಪೆಟ್ಟಿಗೆಗೆ ಕಾಪಿ ಮಾಡಿದರೆ ಹೆಸರು ಉದ್ದವಾಯಿತು ಎಂದು ದೂರು.

ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ ಎರಡು ಕಡೆ ಬೇರೆ ಬೇರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಅಕ್ಷರ ಸಂಕೇತಗಳವರೆಗೆ ಜಾಗ. ಲಿನಕ್ಸ್‌ನ ಎಕ್ಸ್‌ಟಿ4ರಲ್ಲಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೈಟ್. ಕಾಗುಣಿತದ ಗುರುತು, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತ. 'ಕನ್ನಡ' ಎಂದು ಬರೆದರೆ ಕಣ್ಣಿಗೆ ಮೂರಕ್ಷರ, ಒಳಗೆ ಐದು ಸಂಕೇತ, 15 ಬೈಟ್. 'ಸ್ವಾತಂತ್ರ್ಯ' ಕೂಡ ಮೂರಕ್ಷರವೇ. ಅದರೊಳಗೆ ಹನ್ನೊಂದು ಸಂಕೇತ, 33 ಬೈಟ್. ಒಟ್ಟು 85 ಸಂಕೇತ ದಾಟಿದರೆ ಕನ್ನಡದ ಹೆಸರು ಎಕ್ಸ್‌ಟಿ4ರಲ್ಲಿ ಕೂರುವುದಿಲ್ಲ. ಪುಸ್ತಕದ ಹೆಸರು, ಬರೆದವರು, ಇಸವಿ ಮೂರನ್ನು ಫೈಲಿನ ಹೆಸರಲ್ಲಿ ಇಡಿ, ಉಳಿದದ್ದನ್ನು ಫೋಲ್ಡರ್ ಹೆಸರಿಗೆ ಹಂಚಿ. ಮೇಷ್ಟ್ರು ಇದನ್ನು ಕೇಳಿ, ಒತ್ತಕ್ಷರ ಎಣಿಸುತ್ತಾ ಅರ್ಧ ಗಂಟೆ ಕೂತರು. ಈಗ ಪ್ರಕಾಶಕರ ಹೆಸರಲ್ಲಿ ಒಂದೊಂದು ಫೋಲ್ಡರ್ ಇದೆ.

ಇಳಿದಿದೆ, ತಿದ್ದಲು ಬಿಡುತ್ತಿಲ್ಲ

ಫೈಲ್ ಕಾಣುತ್ತದೆ, ತೆರೆಯುತ್ತದೆ, ಹೆಸರು ಬದಲಿಸಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಇಳಿಸಿದವರು ಒಬ್ಬರು, ತಿದ್ದಲು ಬಂದವರು ಇನ್ನೊಬ್ಬರು. ಟ್ರಾನ್ಸ್‌ಮಿಷನ್ ತನ್ನದೇ ಬಳಕೆದಾರನ ಹೆಸರಲ್ಲಿ ಫೈಲ್ ಬರೆಯುತ್ತದೆ, ಸಾಂಬಾ ನಿಮ್ಮ ಹೆಸರಲ್ಲಿ ಬರುತ್ತದೆ. ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿ. ಫೋಲ್ಡರನ್ನು ಆ ಗುಂಪಿಗೆ ಕೊಟ್ಟು ಅನುಮತಿ 2775 ಮಾಡಿ, ಆಗ ಒಳಗೆ ಹುಟ್ಟುವ ಹೊಸ ಫೈಲ್ ಕೂಡ ಅದೇ ಗುಂಪಿಗೆ ಸೇರುತ್ತದೆ. ಆಮೇಲೆ ಟ್ರಾನ್ಸ್‌ಮಿಷನ್ ಸೆಟ್ಟಿಂಗ್‌ನಲ್ಲಿ ಯುಮಾಸ್ಕ್ (ಹೊಸ ಫೈಲಿಗೆ ಯಾವ ಅನುಮತಿ ಕೊಡಬಾರದು ಎಂಬ ಸಂಖ್ಯೆ) ನೋಡಿ. ಟ್ರಾನ್ಸ್‌ಮಿಷನ್‌ನ ಹಳೆಯ ಆವೃತ್ತಿಯಲ್ಲಿ 18 ಎಂದಿರುತ್ತದೆ, ಹೊಸದರಲ್ಲಿ 022 ಎಂದಿರುತ್ತದೆ, ಎರಡೂ ಒಂದೇ. ಹಳೆಯದಾದರೆ 2, ಹೊಸದಾದರೆ 002 ಮಾಡಿ. ಎಲ್ಲಕ್ಕೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ಕೈತೊಳೆದುಕೊಳ್ಳಲು ಎಲ್ಲರೂ ಹೇಳುತ್ತಾರೆ. ಬೇಡ. ಆಗ ಪೆಟ್ಟಿಗೆಯೊಳಗಿನ ಯಾವ ಬಳಕೆದಾರ, ಯಾವ ಪ್ರೋಗ್ರಾಮ್ ಬೇಕಾದರೂ ವರ್ಷಗಟ್ಟಲೆ ಜೋಡಿಸಿದ್ದನ್ನು ಅಳಿಸಬಹುದು.

ನಿಧಾನ ಎಂದರೆ ಮೊದಲು ಲೆಕ್ಕ ಹಾಕಿ. 100 ಎಂಬಿಪಿಎಸ್ ಪ್ಲಾನ್‌ನಲ್ಲಿ ಸೆಕೆಂಡಿಗೆ 12.5 ಎಂಬಿಗಿಂತ ಜಾಸ್ತಿ ಬರಲಾರದು, ಯಾಕೆಂದರೆ ಎಂಟು ಬಿಟ್ ಸೇರಿ ಒಂದು ಬೈಟ್. ಪ್ಲಾನ್ ಅದಕ್ಕಿಂತ ದೊಡ್ಡದಿದ್ದೂ ಅಷ್ಟಕ್ಕೇ ನಿಂತರೆ ಲ್ಯಾನ್ ಕೇಬಲ್ ಬದಲಾಯಿಸಿ. ಅದರೊಳಗಿನ ಎಂಟು ವೈರಿನಲ್ಲಿ ಒಂದು ತುಂಡಾದರೂ ಗಿಗಾಬಿಟ್ ಹೋಗಿ 100ಕ್ಕೆ ಇಳಿಯಬಹುದು.

ಮತ್ತೆ ಹಾಗಾಗದಂತೆ

ಮೇಷ್ಟ್ರ ಪೆಟ್ಟಿಗೆಗೆ ಮೂರು ಕಾವಲು ಹಾಕಿದೆ. ಡಿಸ್ಕನ್ನು ಎಸ್‌ಡಿಎ1 ಎಂಬ ಹೆಸರಿನಿಂದ ಹುಡುಕುವುದನ್ನು ಬಿಟ್ಟು, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಕೂರಬೇಕು ಎಂಬ ಪಟ್ಟಿ ಇರುವ ಫೈಲ್) ಅದರ ಯುಯುಐಡಿ, ಅಂದರೆ ಅದರದೇ ಗುರುತಿನ ಸಂಖ್ಯೆ, ಬರೆದೆ. ಇನ್ನೊಂದು ಪೆನ್‌ಡ್ರೈವ್ ಸಿಕ್ಕಿಸಿದರೆ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಅದಲುಬದಲಾಗಬಹುದು, ಯುಯುಐಡಿ ಬದಲಾಗುವುದಿಲ್ಲ. ನೋಫೇಲ್ ಎಂಬ ಪದವನ್ನು ಹಾಗೇ ಉಳಿಸಿದೆ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ಪೆಟ್ಟಿಗೆ ಪೂರ್ತಿ ಏಳುವುದೇ ಇಲ್ಲ.

ಎರಡನೆಯದು, ಟ್ರಾನ್ಸ್‌ಮಿಷನ್ ಸರ್ವಿಸ್‌ಗೆ 'ರಿಕ್ವಯರ್ಸ್ ಮೌಂಟ್ಸ್ ಫಾರ್' ಎಂಬ ಸಾಲು ಸೇರಿಸಿ ಮುಂದೆ 'ಪುಸ್ತಕ' ಫೋಲ್ಡರಿನ ಹಾದಿ ಕೊಟ್ಟೆ. ಡಿಸ್ಕ್ ಕೂತ ಮೇಲಷ್ಟೇ ಟ್ರಾನ್ಸ್‌ಮಿಷನ್ ಶುರುವಾಗುತ್ತದೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಡಿಸ್ಕ್ ಬಿಡಿಸಿ, ಅಡಿಯ ಖಾಲಿ ಫೋಲ್ಡರಿಗೆ ಸಿಎಚ್‌ಎಟಿಟಿಆರ್ ಆದೇಶದಿಂದ ಪ್ಲಸ್ ಐ ಗುರುತು ಹಾಕಿದೆ. ಆಗ ಆ ಖಾಲಿ ಫೋಲ್ಡರಿನೊಳಗೆ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರ ಕೂಡ ಏನನ್ನೂ ಬರೆಯಲಾರ. ಮೇಲೆ ಡಿಸ್ಕ್ ಕೂರಿಸಲು ಏನೂ ಅಡ್ಡಿಯಿಲ್ಲ.

ಮಾಡಿದ್ದು ಸರಿಯಾಗಿದೆಯಾ ಎಂದು ಅಲ್ಲೇ ನೋಡಿಬಿಡಬೇಕು ಅಲ್ವಾ? ಪೆಟ್ಟಿಗೆಯನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಡಿಸ್ಕಿನ ವೈರ್ ಕಿತ್ತು, ಬರೀ ಪೈ ಆನ್ ಮಾಡಿದೆ. ಮೇಷ್ಟ್ರು ಬ್ರೌಸರ್‌ನಲ್ಲಿ ಪುಟ ಒತ್ತಿದರು.

"ತೆರೀತಾ ಇಲ್ವಲ್ಲಪ್ಪಾ."

"ತೆರೀಬಾರ್ದು ಮೇಷ್ಟ್ರೇ. ಡಿಸ್ಕ್ ಇಲ್ದೆ ಅದು ತೆರೆದ್ರೇನೇ ನಾವು ಹೆದರ್ಬೇಕು."

ಮತ್ತೆ ಶಟ್‌ಡೌನ್ ಮಾಡಿ, ವೈರ್ ಸಿಕ್ಕಿಸಿ, ಆನ್ ಮಾಡಿದೆವು. ಡಿಸ್ಕ್ ಒಂದೇ ಸಲಕ್ಕೆ ಮೆಲ್ಲಗೆ ಗುಂಯ್‌ಗುಟ್ಟಿ ತಿರುಗಿತು. ಪುಟ ತೆರೆಯಿತು, ಪುಸ್ತಕಗಳೆಲ್ಲ ಅಲ್ಲೇ ಇದ್ದವು. ಮೇಷ್ಟ್ರು ಒಂದು ಚೀಟಿಯಲ್ಲಿ ದುಂಡಗೆ ಬರೆದು ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿದರು: ಕರೆಂಟ್ ಬಂದ ಮೇಲೆ ಐದು ನಿಮಿಷ ಕಾಯುವುದು. ಪುಟ ತೆರೆಯದಿದ್ದರೆ ಮೊದಲು ಡಿಸ್ಕಿನ ದೀಪ ನೋಡುವುದು.